ಮೊದಲ ಕಾಲದ ಜೆಟ್, ರಾಕೆಟ್ ವಿಮಾನಗಳ ಮಾದರಿ: ನಿಮ್ಮ ಪ್ರಶ್ನೆ, ಮೇಡಂ ಉತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪ್ರದರ್ಶನಗಳಿಗೆ ವಿಮಾನದ ಮಾದರಿ ಮಾಡಿಕೊಡುವುದು, ಹಳೆಯ ಮಾದರಿಗಳನ್ನು ರಿಪೇರಿ ಮಾಡುವುದು ಮೇಡಂ ಅವರ ವೃತ್ತಿ. ಇವತ್ತು ಸಂಜೆ ನಮ್ಮ ಗುಂಪಿನವರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತುಮಕೂರು ಸದಸ್ಯ: ಮೇಡಂ, ಹೊಸದಾಗಿ ಸಂಗ್ರಹ ಶುರು ಮಾಡುತ್ತಿದ್ದೇನೆ. 1/72 ತಗೊಳ್ಳಲಾ, 1/48 ತಗೊಳ್ಳಲಾ?

ಮೇಡಂ: 1/72 ತಗೊಳ್ಳಿ, ಅಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು ಅಳತೆ. ಈ ಕಾಲದ ವಿಮಾನಗಳ ಸೊಗಸು ಅಕ್ಕಪಕ್ಕ ಇಟ್ಟಾಗಲೇ ಕಾಣುವುದು. ಮೆಸ್ಸರ್‌ಶ್ಮಿಟ್ 163 ರಾಕೆಟ್ ವಿಮಾನದ ರೆಕ್ಕೆ ಈ ಸ್ಕೇಲಿನಲ್ಲಿ ತುದಿಯಿಂದ ತುದಿಗೆ ಸುಮಾರು 13 ಸೆಂ.ಮೀ. 1947ರ ಅಕ್ಟೋಬರ್ 14ರಂದು ಶಬ್ದದ ವೇಗ ದಾಟಿದ ಬೆಲ್ ಎಕ್ಸ್-1ರ ರೆಕ್ಕೆ ಬರೀ 12. ಬೆಂಗಳೂರಿನ ಎಚ್‌ಎಎಲ್ ಮಾಡಿದ ನಮ್ಮ ಜೆಟ್ ಮಾರುತ್‌ನ ಉದ್ದವೇ 22. ಸ್ಕೇಲ್ ಬೆರೆಸಿದರೆ ಈ ವ್ಯತ್ಯಾಸ ಹೋಗಿಬಿಡುತ್ತದೆ. ಮೊದಲು ಹೈಂಕೆಲ್ 178 ಮಾಡಿ. 1939ರ ಆಗಸ್ಟ್ 27ರಂದು ಎರಿಕ್ ವಾರ್ಸಿಟ್ಸ್ ಹಾರಿಸಿದ ಮೊದಲ ಜೆಟ್ ಅದು. ಆಮೇಲೆ ಬ್ರಿಟನ್ನಿನ ಗ್ಲಾಸ್ಟರ್ ಇ.28/39.

ಉಡುಪಿ ಸದಸ್ಯ: ಮೇಡಂ, ನಾಲ್ಕೈದು ವರ್ಷದ ಹಿಂದೆ ಮಾಡಿದ ಜರ್ಮನ್ ಜೆಟ್ ಮೆಸ್ಸರ್‌ಶ್ಮಿಟ್ 262ರ ಮಾದರಿ ಇದೆ. ಈ ಮಳೆಗಾಲ ಮುಗಿದ ಮೇಲೆ ನೋಡಿದರೆ ಮೂಗಿನ ಕೆಳಗೆ ಜೋಡಣೆ ಬಿಟ್ಟುಕೊಂಡಿದೆ. ಉಗುರು ಹೋಗುವಷ್ಟು ಬಿರುಕು. ಒಳಗಿಂದ ಬಿಳಿ ಪುಡಿ ಉದುರುತ್ತಿದೆ. ಫಂಗಸ್ ಇರಬಹುದಾ? ಒರೆಸಿ, ಪುಟ್ಟಿ ತುಂಬಿ, ಮತ್ತೆ ಪೇಂಟ್ ಹೊಡೆದರೆ ಸಾಕಾ?

ಮೇಡಂ: ಪುಟ್ಟಿ ಬೇಡ. ಸದ್ಯಕ್ಕೆ ಮುಟ್ಟಬೇಡಿ. ಮೂಗಿನ ಚಕ್ರದ ವಿಮಾನ ಬಾಲದ ಮೇಲೆ ಕೂರಬಾರದು ಅಂತ ಮೂಗಿನೊಳಗೆ ಭಾರಕ್ಕೆ ಏನು ಹಾಕಿದ್ದಿರಿ? ಯಾವ ಅಂಟು? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ?

ಹಾಸನ ಸದಸ್ಯ: 1/72 ಒಳ್ಳೆಯದಾ 1/48 ಒಳ್ಳೆಯದಾ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಕಲಬುರಗಿ ಸದಸ್ಯ: ಜಪಾನಿನಿಂದ ಕಿಟ್ ತರಿಸಿದರೆ ಕಸ್ಟಮ್ಸ್ ಎಷ್ಟು ಬೀಳುತ್ತದೆ? ಯಾರಾದರೂ ಈಚೆಗೆ ತರಿಸಿದ್ದೀರಾ?

ದಾವಣಗೆರೆ ಸದಸ್ಯ: ಸೂಪರ್ ಗ್ಲೂ ಹಾಕಿದ ಮೇಲೆ ಕ್ಯಾನೋಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಒಳಗಡೆ ಮಂಜು ಹಿಡಿದ ಹಾಗಾಗಿದೆ. ಏನು ಮಾಡಲಿ?

ಮೇಡಂ: ಅದರ ಆವಿ ಕೂತಿದೆ. ಕ್ಯಾನೋಪಿಯನ್ನು ಮೆಲ್ಲಗೆ ಬಿಡಿಸಿ, ನಯವಾದ ಪಾಲಿಶ್ ಹಾಕಿ ಒಳಗಿಂದ ಉಜ್ಜಿ. ಮುಂದಿನ ಸಲ ಮರಕ್ಕೆ ಹಾಕುವ ಬಿಳಿ ಅಂಟು ಬಳಸಿ. ಕ್ಯಾನೋಪಿಗೆ ಅದು ಒಳ್ಳೆಯದು.

ಉಡುಪಿ ಸದಸ್ಯ: ಗಾಳಕ್ಕೆ ಕಟ್ಟುವ ಸೀಸದ ಗುಂಡು ಹಾಕಿದ್ದೆ ಮೇಡಂ. ಅಲ್ಲಾಡಬಾರದು ಅಂತ ಮೇಲೆ ಅದೇ ಬಿಳಿ ಅಂಟು ಸುರಿದಿದ್ದೆ. ಮಗಳಿಗೆ 4 ವರ್ಷ. ವಿಮಾನ ಅವಳ ಕೈಗೆ ಸಿಗುವ ಶೆಲ್ಫಿನಲ್ಲೇ ಇತ್ತು. ಪುಡಿಯನ್ನು ಬೆರಳಿನಿಂದ ಕೆರೆಯುತ್ತಿದ್ದಳು. ಯಾಕೆ ಕೇಳಿದಿರಿ?

ಮೇಡಂ: ಅದು ಫಂಗಸ್ ಅಲ್ಲ. ಸೀಸದ ಕಾರ್ಬೊನೇಟ್. ವಿಷ. ಮೊದಲು ಮಗುವಿನ ವಿಷಯ. ನಾಳೆಯೇ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಡೆದದ್ದನ್ನು ಇದ್ದ ಹಾಗೇ ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಮಗು ಚೆನ್ನಾಗಿ ಆಡಿಕೊಂಡಿದೆ ಅಂತ ಸುಮ್ನೆ ಬಿಡಬೇಡಿ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ.

ಈಗ ಶೆಲ್ಫು. ಪೊರಕೆ ಹಾಕಬೇಡಿ, ಪುಡಿ ಗಾಳಿಗೆ ಏಳುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಕೈಗವಸು, ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ಒಗೆಯಬೇಡಿ, ಕವರಿನಲ್ಲಿ ಕಟ್ಟಿಡಿ. ವಿಮಾನವನ್ನು ಬೇರೆ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಎರಡನ್ನೂ ಮಾಮೂಲಿ ಕಸಕ್ಕೆ ಹಾಕಬೇಡಿ. ಅಪಾಯಕಾರಿ ಕಸ ಅಂತ ಹೇಳಿ ಪ್ರತ್ಯೇಕವಾಗಿ ಕೊಡಿ. ಮಗು ಆಡುವ ನೆಲವನ್ನೂ ಒದ್ದೆ ಮಾಡಿ ಒರೆಸಿ.

ಇದು ಹೇಗಾಯಿತು ಅಂದರೆ, ಬಿಳಿ ಅಂಟು ಒಣಗಿದ ಮೇಲೂ ಸ್ವಲ್ಪ ಸ್ವಲ್ಪ ಅಸಿಟಿಕ್ ಆಸಿಡ್ ಬಿಡುತ್ತಿರುತ್ತದೆ. ವಿನೆಗರ್‌ನಲ್ಲಿ ಇರುವುದೂ ಅದೇ. ತೆರೆದ ಜಾಗದಲ್ಲಾದರೆ ಹಾರಿ ಹೋಗುತ್ತದೆ. ವಿಮಾನದ ಮೂಗು ಮುಚ್ಚಿದ ಡಬ್ಬಿ, ಅದಕ್ಕೆ ಹೋಗಲು ದಾರಿಯಿಲ್ಲ. ಅದು ಸೀಸವನ್ನು ತಿನ್ನುತ್ತದೆ. ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿ ಬಿಳಿ ಕಾರ್ಬೊನೇಟ್ ಆಗುತ್ತದೆ. ಆಗ ಆಸಿಡ್ ಮತ್ತೆ ಬಿಡುಗಡೆಯಾಗಿ ಇನ್ನಷ್ಟು ಸೀಸಕ್ಕೆ ಬಾಯಿ ಹಾಕುತ್ತದೆ. ಹಿಂದೆ ಯುರೋಪಿನಲ್ಲಿ ಬಿಳಿ ಪೇಂಟಿಗೆ ಬಣ್ಣ ತಯಾರಿಸುತ್ತಿದ್ದದ್ದೇ ಹೀಗೆ. ಸೀಸವನ್ನು ವಿನೆಗರ್ ಜೊತೆ ಮಡಕೆಯಲ್ಲಿಟ್ಟು ಸಗಣಿ ಗೊಬ್ಬರದಲ್ಲಿ ಹೂತಿಡುತ್ತಿದ್ದರು. ಪುಡಿಗೆ ಸೀಸಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಪ್ಲಾಸ್ಟಿಕ್ಕನ್ನು ಒಳಗಿಂದ ಸೀಳುತ್ತದೆ. ಕರಾವಳಿಯ ತೇವದಲ್ಲಿ ಕೆಲಸ ಇನ್ನೂ ಬೇಗ. ಅದಕ್ಕೇ ಪುಟ್ಟಿ ಬೇಡ ಅಂದಿದ್ದು. ಮುಚ್ಚಿದಷ್ಟೂ ಒಳಗೆ ನಡೆಯುತ್ತಲೇ ಇರುತ್ತದೆ.

ಬೆಂಗಳೂರು ಸದಸ್ಯ: *ಎಲ್ಲರಿಗೂ ತಲುಪಿಸಿ* ಮಾದರಿ ಮೇಲಿನ ಬಿಳಿ ಪುಡಿಗೆ ವಿನೆಗರ್ ಅಥವಾ ಹುಣಸೆ ನೀರು ಹಚ್ಚಿ ತೊಳೆಯಿರಿ. ಕಪಾಟಿನ ಮೂಲೆಗೆ ನುಸಿಗುಳಿಗೆ ಇಡಿ. ಮಗುವಿಗೆ ದಿನಾ ಬೆಲ್ಲ ಕೊಟ್ಟರೆ ಸೀಸ ಇಳಿಯುತ್ತದೆ. 🙏

ಮೇಡಂ: ಇದನ್ನು ಅಳಿಸಿ. ವಿನೆಗರ್ ಹಚ್ಚಿದರೆ ಆ ಪುಡಿ ನೀರಿನಲ್ಲಿ ಕರಗುವ ಸೀಸದ ಅಸಿಟೇಟ್ ಆಗುತ್ತದೆ. ಈಗಿರುವುದಕ್ಕಿಂತ ಕೆಟ್ಟದ್ದು. ನುಸಿಗುಳಿಗೆಯ ಆವಿ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ, ಕಿಟ್ ಪ್ಲಾಸ್ಟಿಕ್ ಅಂದರೆ ಅದೇ. ಬೆಲ್ಲದಿಂದ ಸೀಸ ಇಳಿಯುವುದಿಲ್ಲ. ಮಗುವಿನ ವಿಷಯದಲ್ಲಿ ಫಾರ್ವರ್ಡ್ ಹಾಕಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಬೆಂಗಳೂರು ಸದಸ್ಯ: ಒಳ್ಳೆಯದಕ್ಕೇ ಹಾಕಿದೆ ಮೇಡಂ. ಇಷ್ಟು ಕೋಪ ಬೇಡ.

ಮೈಸೂರು ಸದಸ್ಯ: ವಿಷಯಕ್ಕೆ ಬರೋಣ. ಸಂಗ್ರಹ ಮಾರುತ್‌ನಿಂದಲೇ ಶುರುವಾಗಬೇಕು. ಏಷ್ಯಾದ ಮೊದಲ ಜೆಟ್ ಅದು, ಹುಟ್ಟಿದ್ದು ಬೆಂಗಳೂರಿನಲ್ಲಿ.

ಹುಬ್ಬಳ್ಳಿ ಸದಸ್ಯ: ಏಷ್ಯಾದ ಮೊದಲ ಜೆಟ್ ಅಲ್ಲ. ಜಪಾನಿನ ನಕಾಜಿಮಾ ಕಿಕ್ಕಾ 1945ರ ಆಗಸ್ಟ್ 7ರಂದೇ ಹಾರಿತ್ತು. ಮಾರುತ್ ಹಾರಿದ್ದು 1961ರ ಜೂನ್ 17ರಂದು.

ಮೈಸೂರು ಸದಸ್ಯ: ಕಿಕ್ಕಾ ಸರಿಯಾಗಿ ಹಾರಿದ್ದು ಒಂದೇ ಸಲ. ಎರಡನೇ ಸಲ ನೆಲವನ್ನೇ ಬಿಡಲಿಲ್ಲ. ಮಾರುತ್ 1971ರ ಯುದ್ಧ ಮಾಡಿ ಬಂದಿದೆ.

ಹುಬ್ಬಳ್ಳಿ ಸದಸ್ಯ: ಮೊದಲನೆಯದು ಯಾವುದು ಅನ್ನುವುದು ಮಾತು. ಯುದ್ಧ ಮಾಡಿತಾ ಅನ್ನುವುದಲ್ಲ. ಅಲ್ಲದೆ ಅದರ ವಿನ್ಯಾಸ ಕುರ್ಟ್ ಟಾಂಕ್ ಅವರದು. ಅರ್ಜೆಂಟೀನಾದಲ್ಲಿ ಪುಲ್ಕಿ 2 ಜೆಟ್ ಮಾಡಿ ಆಮೇಲೆ ಇಲ್ಲಿಗೆ ಬಂದ ಜರ್ಮನ್ ಅವರು.

ಮೈಸೂರು ಸದಸ್ಯ: ಹಾಗಾದರೆ ಮಾರುತ್ ನಮ್ಮದಲ್ಲವಾ? ಎಚ್‌ಎಎಲ್‌ನಲ್ಲಿ ತಗಡು ಬಗ್ಗಿಸಿ, ರಿವೆಟ್ ಹೊಡೆದವರು ಯಾರು ರೀ? ಮೊದಲು ಹಾರಿಸಿದ ಸುರಂಜನ್ ದಾಸ್ 1970ರಲ್ಲಿ ಅದೇ ವಿಮಾನದ ಪರೀಕ್ಷೆಯಲ್ಲಿ ಪ್ರಾಣ ಕೊಟ್ಟರು. ಸ್ವಲ್ಪ ಓದಿಕೊಂಡು ಬಂದು ಮಾತಾಡಿ.

ಹುಬ್ಬಳ್ಳಿ ಸದಸ್ಯ: ನಮ್ಮದಲ್ಲ ಅಂತ ಯಾರು ಅಂದರು? ಇಲ್ಲದ ಮಾತನ್ನು ನನ್ನ ಬಾಯಿಗೆ ತುರುಕಬೇಡಿ.

ಶಿವಮೊಗ್ಗ ಸದಸ್ಯ: ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ. ಮೇಡಂ, ಭಾರ ಹಾಕದೆ ಮೆಸ್ಸರ್‌ಶ್ಮಿಟ್ 262 ಮಾಡಲು ಆಗುವುದಿಲ್ಲವಾ?

ಮೇಡಂ: ಆಗುತ್ತದೆ. ಮೂರನೇ ಪ್ರೊಟೊಟೈಪ್ ಮಾಡಿ. 1942ರ ಜುಲೈ 18ರಂದು ಫ್ರಿಟ್ಸ್ ವೆಂಡೆಲ್ ಅದನ್ನು ಬರೀ ಜೆಟ್ ಎಂಜಿನ್ ಬಲದಲ್ಲಿ ಹಾರಿಸಿದಾಗ ಅದಕ್ಕೆ ಬಾಲದ ಚಕ್ರ ಇತ್ತು, ಮೂಗಿನ ಚಕ್ರ ಇರಲಿಲ್ಲ. ಓಡುವಾಗ ಬಾಲ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ವೆಂಡೆಲ್ ಬ್ರೇಕ್ ಒಂದು ಸಲ ಒತ್ತಿ ಎಬ್ಬಿಸಿದರು. ಹೈಂಕೆಲ್ 178, ಯಾಕ್-15 ಕೂಡ ಬಾಲದ ಚಕ್ರದವು, ಭಾರ ಬೇಡ. ಮೆಸ್ಸರ್‌ಶ್ಮಿಟ್ 163ಕ್ಕೂ ಬೇಡ. ಅದು ಗಾಲಿ ಕಳಚಿ ಬಿಟ್ಟು ಹಾರಿ, ಹೊಟ್ಟೆಯಡಿಯ ಸ್ಕಿಡ್ (ಜಾರುಪಟ್ಟಿ) ಮೇಲೆ ಜಾರಿ ಇಳಿಯುತ್ತಿದ್ದ ವಿಮಾನ.

ಮಂಡ್ಯ ಸದಸ್ಯ: ಒಂದು ಅಂಟಿಗೆ ಇಷ್ಟು ಗಾಬರಿ ಯಾಕೆ? ಯಾವುದಾದರೂ ಅಂಟು ಅಂಟೇ ಅಲ್ವಾ?

ಮೇಡಂ: ಅಲ್ಲ. ಜರ್ಮನಿಯಲ್ಲಿ ಹೈಂಕೆಲ್ 162 ಅಂತ ಒಂದು ಜೆಟ್ ಇತ್ತು, ರೆಕ್ಕೆ ಮರದ್ದು. ಮರ ಅಂಟಿಸುವ ಟೆಗೊ ಫಿಲ್ಮ್ ತಯಾರಿಸುತ್ತಿದ್ದ ವುಪರ್ಟಾಲ್ ಕಾರ್ಖಾನೆ ಬಾಂಬ್ ದಾಳಿಯಲ್ಲಿ ಹಾಳಾಯಿತು. ಬದಲಿಗೆ ಬಳಸಿದ ಅಂಟಿನಲ್ಲಿ ಆಸಿಡ್ ಜಾಸ್ತಿ, ಅದು ಮರವನ್ನೇ ತಿಂದಿತು. 1944ರ ಡಿಸೆಂಬರ್ 6ರಂದು ಮೊದಲ ಹಾರಾಟ. ಡಿಸೆಂಬರ್ 10ರಂದು ಅಧಿಕಾರಿಗಳ ಕಣ್ಣೆದುರೇ ರೆಕ್ಕೆಯ ಮುಂಭಾಗ ಕಿತ್ತು ಬಂತು. ಪೈಲಟ್ ಗೊಟ್‌ಹೋಲ್ಡ್ ಪೀಟರ್ ಸತ್ತರು. ನನ್ನ ಬಳಿ ರಿಪೇರಿಗೆ ಬರುವ ಮಾದರಿಗಳಲ್ಲೂ ಮೊದಲು ನಾನು ಕೇಳುವುದು ಒಳಗೆ ಯಾವ ಅಂಟು, ಯಾವ ಲೋಹ ಅಂತ. ಬಣ್ಣ ಆಮೇಲೆ.

ಮೈಸೂರು ಸದಸ್ಯ: ಮಾರುತ್ ಬಗ್ಗೆ ಮೇಡಂ ಏನೂ ಹೇಳಲಿಲ್ಲ.

ಮೇಡಂ: ಮೊದಲನೆಯದಲ್ಲ. ನಮ್ಮದು ಹೌದು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ನಿಂತಿದೆ, ಹೋಗಿ ಹತ್ತಿರದಿಂದ ಫೋಟೋ ತೆಗೆದು ಅದನ್ನು ನೋಡಿಕೊಂಡು ಮಾಡಿ. ಇದು ಇಲ್ಲಿಗೆ ಸಾಕು.

ಉಡುಪಿ ಸದಸ್ಯ: ಡಾಕ್ಟರ್ ಹತ್ತಿರ ನಾಳೆ ಬೆಳಿಗ್ಗೆಗೆ ಸಮಯ ತಗೊಂಡೆ ಮೇಡಂ. ಇದೇ ರೀತಿ ಸೀಸ ಹಾಕಿದ ವ್ಯಾಂಪೈರ್, ಮೀಟಿಯರ್ ಜೆಟ್‌ಗಳ ಮಾದರಿ ಕೂಡ ಇವೆ. ಅವು ಇನ್ನೂ ಒಡೆದಿಲ್ಲ.

ಮೇಡಂ: ಒಳ್ಳೆಯದು. ಅವೆರಡನ್ನೂ ಬೇರೆ ಬೇರೆ ಕವರಿನಲ್ಲಿ ಕಟ್ಟಿ ಎತ್ತರದಲ್ಲಿಡಿ. ಒಡೆದಿಲ್ಲ ಅಂದರೆ ಶುರುವಾಗಿಲ್ಲ ಅಂತಲ್ಲ. ನೀವೇ ಬಿಚ್ಚಬೇಡಿ, ಕತ್ತರಿಸಬೇಡಿ, ಉಜ್ಜಬೇಡಿ.

ಮುಂದೆ ಮೂಗಿನ ಚಕ್ರದ ವಿಮಾನ ಮಾಡುವಾಗ ಸೀಸ ಬಿಟ್ಟು ಸ್ಟೀಲ್ ಬೇರಿಂಗ್ ಗುಂಡು ಅಥವಾ ಹಿತ್ತಾಳೆ ನಟ್ ಹಾಕಿ. ಎರಡು ಟ್ಯೂಬಿನ ಎಪಾಕ್ಸಿ ಅಂಟು ಕಲಸಿ ಕೂರಿಸಿ. ಸ್ಟೀಲ್ ಸೀಸದಷ್ಟು ತೂಕವಿಲ್ಲ, ಅದೇ ಭಾರಕ್ಕೆ ಹೆಚ್ಚು ಕಡಿಮೆ ಒಂದೂವರೆ ಪಟ್ಟು ಜಾಗ ಬೇಕು. ಮೆಸ್ಸರ್‌ಶ್ಮಿಟ್ 262ರ ಮೂಗಿನಲ್ಲಿ ಹಿಡಿಸದಿದ್ದರೆ ಎರಡೂ ಎಂಜಿನ್ ಗೂಡಿನ ಮುಂಭಾಗಕ್ಕೆ ಹಾಕಿ. ಅದೂ ಹಿಂದಿನ ಚಕ್ರಗಳಿಗಿಂತ ಮುಂದೆಯೇ ಇದೆ. ಅಂಟಿಸುವ ಮೊದಲು ಎಲ್ಲ ಭಾಗ ಟೇಪಿನಲ್ಲಿ ಕಟ್ಟಿ, ಹಿಂದಿನ ಚಕ್ರ ಬರುವ ಜಾಗದಲ್ಲಿ ಎರಡು ಪೆನ್ಸಿಲ್ ಮೇಲೆ ನಿಲ್ಲಿಸಿ. ಮೂಗು ಬಾಗುವವರೆಗೆ ಒಂದೊಂದೇ ಗುಂಡು ಇಡುತ್ತಾ ಹೋಗಿ. ಆಮೇಲೆ ಸ್ವಲ್ಪ ಜಾಸ್ತಿ ಸೇರಿಸಿ, ಪೇಂಟ್ ತೂಕ ಬಾಲದ ಕಡೆಗೂ ಬೀಳುತ್ತದೆ.

ಹಾವೇರಿ ಸದಸ್ಯ: ಮೇಡಂ, 1/48 ಚೆನ್ನಾಗಿರುತ್ತದೆ ಅಂತಾರೆ, 1/72...

ಮೇಡಂ: ಮೇಲೆ ಓದಿ.

ಕಲಬುರಗಿ ಸದಸ್ಯ: ನನ್ನ ಕಸ್ಟಮ್ಸ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಅಡ್ಮಿನ್: ವಿನೆಗರ್ ಫಾರ್ವರ್ಡ್ ಅಳಿಸಿದ್ದೇನೆ. ಮೈಸೂರು, ಹುಬ್ಬಳ್ಳಿ ಸದಸ್ಯರು ಇಬ್ಬರೂ ಇನ್ನು ಇಲ್ಲಿ ಬರೆಯಬೇಡಿ. ಹೊಸ ಪ್ರಶ್ನೆಗಳನ್ನು ಮುಂದಿನ ವಾರ ತೆಗೆದುಕೊಳ್ಳುತ್ತೇವೆ.