ಹಳೆಯ ಹಾಯಿದೋಣಿಯ ದುರಸ್ತಿ ಮತ್ತು ಜೋಡಣೆ: ಯಾವ ಕೆಲಸದಿಂದ ಆರಂಭಿಸಬೇಕು?

ಪ್ರಶ್ನೆ (ಧಾರವಾಡದಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಕರಾವಳಿಯ ಒಬ್ಬರಿಂದ ಎಂಟರ್‌ಪ್ರೈಸ್ ಮಾದರಿಯ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡು, ಅರಬೈಲು ಘಟ್ಟ ಹತ್ತಿಸಿ ತಂದು, ಮನೆಯ ಹಿತ್ತಲಿನಲ್ಲಿ ನಾಲ್ಕು ಹಳೆಯ ಟೈರುಗಳ ಮೇಲೆ ಇರಿಸಿದ್ದೇನೆ. ನಾಲ್ಕು ಮೀಟರಿಗಿಂತ ತುಸು ಉದ್ದದ, ಇಬ್ಬರು ಕುಳಿತು ನಡೆಸುವ ದೋಣಿ ಇದು. ಎನ್‌ಸಿಸಿಯಲ್ಲಿದ್ದಾಗ ಎರಡು ಸಲ ಇಂತಹ ದೋಣಿಯಲ್ಲಿ ಕುಳಿತದ್ದನ್ನು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ಮಾರಿದವರು ‘ನೀರಿಗೆ ಇಳಿಸಿದರೆ ಸಾಕು’ ಎಂದು ಹೇಳಿದ್ದರು. ಆದರೆ ಮನೆಗೆ ತಂದು ಮಗುಚಿ ನೋಡಿದಾಗ, ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗೆ ಇಳಿಸುವ ಹಲಗೆ) ಇಳಿಯುವ ಪೆಟ್ಟಿಗೆಯು ತಳಕ್ಕೆ ಸೇರುವ ಕಡೆ ಒಂದು ಗೇಣು ಉದ್ದದ ಬಿರುಕು ಕಂಡಿತು. ಅಲ್ಯೂಮಿನಿಯಂ ಕೂವೆಕಂಬ ನೆಟ್ಟಗಿದೆ. ಅದರ ಉಕ್ಕಿನ ತಂತಿಗಳು, ಹಗ್ಗಗಳು ಮತ್ತು ರಾಟೆಗಳೆಲ್ಲ ಒಂದೇ ಗೋಣಿಚೀಲದಲ್ಲಿ ಸಿಕ್ಕುಬಿದ್ದು ಬಂದಿವೆ. ನೀಲಿ ಹಾಯಿಗಳ ಬಣ್ಣ ಮಾಸಿದೆ, ಬಟ್ಟೆ ಹರಿದಿಲ್ಲ.

ಬೇಸಗೆ ರಜೆಯಲ್ಲಿ ಮೊದಲು ಬಣ್ಣ ಹೊಡೆದು, ಆಮೇಲೆ ಉಳಿದದ್ದನ್ನು ಜೋಡಿಸಬೇಕೆಂದಿದ್ದೆ. ಈ ಕ್ರಮ ಸರಿಯೇ? ಬಿರುಕನ್ನು ನಮ್ಮ ಊರಿನಲ್ಲಿಯೇ ಸರಿಪಡಿಸಬಹುದೇ? ಕೂವೆಕಂಬವನ್ನು ನಿಲ್ಲಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ಬಿಡಿಸಿ ತಿಳಿಸಬೇಕು.

ಉತ್ತರ (ಕಾರವಾರದಿಂದ)

ಸರ್, ಬಣ್ಣದ ಡಬ್ಬಿಯನ್ನು ಸದ್ಯಕ್ಕೆ ತೆರೆಯಬೇಡಿ. ಬಣ್ಣ ಹೋದ ದೋಣಿಯೂ ಚೆನ್ನಾಗಿ ಓಡುತ್ತದೆ. ಆದರೆ ಒಂದು ತಂತಿ ತುಂಡಾದರೆ ನಡುನೀರಿನಲ್ಲಿ ಕಂಬ ತಲೆಯ ಮೇಲೆ ಬೀಳುತ್ತದೆ, ಗಾಳಿಪೆಟ್ಟಿಗೆ (ದೋಣಿಯನ್ನು ತೇಲಿಸುವ, ಒಳಗೆ ಗಾಳಿಯಿರುವ ಮುಚ್ಚಿದ ಭಾಗ) ಸೋರಿದರೆ ಮಗುಚಿದ ದೋಣಿ ಮತ್ತೆ ಏಳುವುದಿಲ್ಲ. ಆದ್ದರಿಂದ ಮೊದಲು ತಂತಿ, ಆಮೇಲೆ ಗಾಳಿಪೆಟ್ಟಿಗೆ, ಆಮೇಲೆ ಬಿರುಕು, ಎಲ್ಲಕ್ಕೂ ಕೊನೆಗೆ ಬಣ್ಣ.

ಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳು ಮೂರು: ಮುಂದಕ್ಕೆ ಫೋರ್‌ಸ್ಟೇ, ಎಡಬಲಕ್ಕೆ ಎರಡು ಶ್ರೌಡ್. ಹತ್ತಿಯ ಮೆತ್ತನೆಯ ಬಟ್ಟೆಯೊಂದನ್ನು ಸುತ್ತಿ ಹಿಡಿದು, ಪ್ರತಿ ತಂತಿಯನ್ನು ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ಒರೆಸಿರಿ. ತುಂಡಾದ ಎಳೆಯಿದ್ದರೆ ಬಟ್ಟೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಮಾತ್ರ ಈ ಪರೀಕ್ಷೆ ಮಾಡಬಾರದು, ಅದು ಮೀನಿನ ಗಾಳದಂತೆ ಚುಚ್ಚುತ್ತದೆ. ಉಪ್ಪುನೀರು ಇಳಿದು ನಿಲ್ಲುವುದು ತಂತಿಯ ಕೆಳತುದಿಯಲ್ಲಿ, ಲೋಹದ ಕೊಳವೆಯೊಳಗೆ ಅದನ್ನು ಒತ್ತಿ ಕೂಡಿಸಿದ ಜಾಗದಲ್ಲಿ. ಹೆಚ್ಚಿನ ತಂತಿಗಳು ಸಾಯುವುದು ಅಲ್ಲಿಯೇ. ಒಂದೇ ಒಂದು ಎಳೆ ತುಂಡಾಗಿದ್ದರೂ ಎರಡೂ ಶ್ರೌಡ್‌ಗಳನ್ನು ಒಟ್ಟಿಗೆ ಬದಲಿಸಿರಿ, ಏಕೆಂದರೆ ಎರಡೂ ಒಂದೇ ವಯಸ್ಸಿನವು. ಕಂಬದಲ್ಲಿ ಸ್ಟೀಲಿನ ರಿವೆಟ್ ಅಥವಾ ಸ್ಕ್ರೂಗಳ ಸುತ್ತ ಬಿಳಿಯ ಪುಡಿ ಉಬ್ಬಿದೆಯೇ ನೋಡಿ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ಒಂದನ್ನೊಂದು ತಾಗಿದಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಅಂಥ ರಿವೆಟ್ ಕೈಯಲ್ಲಿ ಅಲುಗಾಡಿದರೆ ಕಿತ್ತು ಹೊಸದು ಹಾಕಬೇಕು.

ಗಾಳಿಪೆಟ್ಟಿಗೆಗಳ ಮುಚ್ಚಳ ಬಿಗಿಮಾಡಿ, ಸಂದುಗಳಿಗೆಲ್ಲ ಸಾಬೂನು ನೀರು ಹಚ್ಚಿ, ನೀರು ಬಸಿಯುವ ತೂತಿಗೆ ರಬ್ಬರ್ ಕೊಳವೆ ಸೇರಿಸಿ ಬಾಯಿಯಿಂದ ಊದಿರಿ. ಗುಳ್ಳೆ ಏಳುವಲ್ಲಿ ಸೋರಿಕೆಯಿದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಳಸಿದರೆ ಸಂದೇ ಒಡೆದುಹೋಗುತ್ತದೆ.

ಕಂಬ ನಿಲ್ಲಿಸಲು ಇಬ್ಬರು ಬೇಕು. ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿಸಿ, ಮೊದಲು ಎರಡೂ ಶ್ರೌಡ್‌ಗಳನ್ನು ಬದಿಗಳಿಗೆ ಸಡಿಲಾಗಿ ಸಿಕ್ಕಿಸಿ, ಒಬ್ಬರು ಬುಡವನ್ನು ಅದರ ಗೂಡಿನಲ್ಲಿ ಕೂರಿಸಿ ಕಂಬವನ್ನು ನೆಟ್ಟಗೆ ಹಿಡಿದಿರುವಾಗ ಇನ್ನೊಬ್ಬರು ಫೋರ್‌ಸ್ಟೇಯನ್ನು ಮುಂದೆ ಕಟ್ಟಬೇಕು. ಮೂರೂ ಸಿಕ್ಕುವ ತನಕ ಹಿಡಿದವರು ಕೈ ಬಿಡಬಾರದು. ಆಮೇಲೆ ದೊಡ್ಡ ಹಾಯಿಯ ಏರುಹಗ್ಗಕ್ಕೆ ಅಳತೆಪಟ್ಟಿ ಕಟ್ಟಿ ಕಂಬದ ತುದಿಗೆ ಏರಿಸಿ, ಎಡಬಲದ ಅಂಚುಗಳಿಗೆ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಕಂಬ ನಡುವಿನಲ್ಲಿದೆ ಎಂದರ್ಥ. ಹಿಂದಕ್ಕೆ ತುಸುವೇ ವಾಲಿರಲಿ. ತಂತಿಯ ಕೀಲುಗಳು ಕಳಚದಂತೆ ತೂರಿಸುವ ಪ್ರತಿ ಕಾಟರ್ ಪಿನ್ನಿನ ಕಾಲುಗಳನ್ನು ಅಗಲಿಸಿ ಮೇಲೆ ಟೇಪ್ ಸುತ್ತಿರಿ, ಇಲ್ಲವಾದರೆ ಹಾಯಿಯನ್ನು ಸೀಳುವುದು ಆ ಪಿನ್ನೇ. ಮುಂದಿನ ಚಿಕ್ಕ ಹಾಯಿಯನ್ನು ಮೊದಲು ಏರಿಸಿ ಅದರ ಹಗ್ಗವನ್ನು ಬಲವಾಗಿ ಬಿಗಿಯಿರಿ. ಈ ದೋಣಿಗಳಲ್ಲಿ ಓಡುವಾಗ ಕಂಬವನ್ನು ಮುಂದಕ್ಕೆ ಎಳೆದು ಹಿಡಿಯುವುದು ಆ ಹಗ್ಗ, ಫೋರ್‌ಸ್ಟೇ ಆಗ ಸಡಿಲವಾದರೂ ಗಾಬರಿಪಡಬೇಕಾಗಿಲ್ಲ. ದೊಡ್ಡ ಹಾಯಿ ಆಮೇಲೆ.

ತಾವು ಕೊಂಡ ಮಾದರಿಯನ್ನು ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ್ದು. ಅಳತೆಗಳು ನಿಗದಿಯಾಗಿರುವುದರಿಂದ ಬಿಡಿಭಾಗ ಹುಡುಕುವುದು ಅಷ್ಟು ಕಷ್ಟವಲ್ಲ, ಆ ದೃಷ್ಟಿಯಿಂದ ತಮ್ಮ ಆಯ್ಕೆ ಒಳ್ಳೆಯದೇ.

ಉತ್ತರ (ಹುಬ್ಬಳ್ಳಿ, ಗೋಕುಲ ರಸ್ತೆಯಿಂದ)

ನಾನು ದೋಣಿ ಬಲ್ಲವನಲ್ಲ. ನೀರಿನ ಟಾಕಿ ಮತ್ತು ವಾಹನಗಳ ಫೈಬರ್ ಭಾಗಗಳನ್ನು ಮಾಡುವ ಕೆಲಸ ನನ್ನದು, ಬಿರುಕಿನ ವಿಷಯವನ್ನಷ್ಟೇ ಹೇಳುತ್ತೇನೆ. ಮೊದಲು ಒಂದು ನಾಣ್ಯದಿಂದ ಬಿರುಕಿನ ಸುತ್ತ ತಟ್ಟುತ್ತ ಹೋಗಿರಿ. ಗಟ್ಟಿ ಜಾಗದಲ್ಲಿ ‘ಟಣ್’ ಎನ್ನುತ್ತದೆ, ಒಳಗೆ ಪದರ ಬಿಟ್ಟಲ್ಲಿ ‘ಡಬ್’ ಎಂದು ಮಂದವಾಗಿ ಕೇಳುತ್ತದೆ. ಮಂದವಾದಷ್ಟು ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿರಿ, ಕೆಲಸ ಅಷ್ಟೂ ಜಾಗದ್ದು. ಮೇಲೆ ಪುಟ್ಟಿ ಒರೆಸಿದರೆ ಒಂದು ವಾರವೂ ನಿಲ್ಲುವುದಿಲ್ಲ.

ನೆರಳಿನಲ್ಲಿ ಹಲವು ದಿನ ಇಟ್ಟು ಪೂರ್ತಿ ಒಣಗಿಸಿ, ಬಿರುಕನ್ನು ಇಳಿಜಾರಾಗಿ ತೆರೆದು, ಎಲ್ಲ ಕಡೆಗೂ ನಾಲ್ಕು ಬೆರಳು ಅಗಲ ಉಜ್ಜಿ, ಮೊದಲು ಚಿಕ್ಕ, ಆಮೇಲೆ ಒಂದಕ್ಕಿಂತ ಒಂದು ದೊಡ್ಡ ಫೈಬರ್ ಮ್ಯಾಟಿನ ತುಂಡುಗಳನ್ನು ರೆಸಿನ್ ಎಂಬ ದ್ರವ ಅಂಟಿನಲ್ಲಿ ನೆನೆಸಿ, ಗಾಳಿಯ ಗುಳ್ಳೆ ಉಳಿಯದಂತೆ ಬ್ರಶ್ಶಿನಿಂದ ಕುಟ್ಟಿ ಕೂರಿಸಬೇಕು. ಉಜ್ಜುವಾಗ ಮಾಸ್ಕ್ ಮತ್ತು ತುಂಬುತೋಳಿನ ಅಂಗಿ ಇರಲೇಬೇಕು, ಆ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಅಂಗಡಿಯಲ್ಲಿ ರೆಸಿನ್, ಅದು ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಗಟ್ಟಿಮಾಡುವ ಹಾರ್ಡನರ್ ಬೇರೆ ಬೇರೆ ಬಾಟಲಿಗಳಲ್ಲಿ ಸಿಗುತ್ತವೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆಯೇ ಹಾರ್ಡನರ್ ಸೇರಿಸಬೇಕು. ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನು ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಒಂದು ಕಿಲೋ ರೆಸಿನ್‌ಗೆ ಹಾರ್ಡನರ್ 10ರಿಂದ 20 ಗ್ರಾಂ ಸಾಕು. ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ 10 ಗ್ರಾಂನ ಕಡೆಗೇ ಇರಿ, ಅದೂ ಬೆಳಗಿನ ತಂಪಿನಲ್ಲಿ, ಒಮ್ಮೆಗೆ ಒಂದು ಬಟ್ಟಲಿನಷ್ಟು ಮಾತ್ರ ಕಲಸಿಕೊಳ್ಳಿ.

ಮರುಪ್ರಶ್ನೆ (ಧಾರವಾಡದಿಂದ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರವಿವಾರ ಹಳೆಯ ಧೋತರದ ತುಂಡಿನಿಂದ ತಂತಿಗಳನ್ನು ಒರೆಸಿದೆ. ಬಲಗಡೆಯ ಶ್ರೌಡ್‌ನ ಕೆಳಗೆ, ಕೊಳವೆಯಿಂದ ಒಂದು ಬೆರಳು ಮೇಲೆ, ಬಟ್ಟೆ ಸಿಕ್ಕಿಕೊಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಎರಡು ಎಳೆಗಳು ತುಂಡಾಗಿ ಹೊರಕ್ಕೆ ಬಾಗಿದ್ದವು, ಅವುಗಳ ಬುಡದಲ್ಲಿ ಕಂದು ತುಕ್ಕು ಇತ್ತು. ದೂರದಿಂದ ಆ ತಂತಿ ಹೊಸದರಂತೆ ಹೊಳೆಯುತ್ತಿದೆ. ತಾವು ಹೇಳದಿದ್ದರೆ ಇದೇ ತಂತಿಯ ಭರವಸೆಯ ಮೇಲೆ ಮಗಳನ್ನು ಕೂರಿಸಿಕೊಂಡು ನೀರಿಗೆ ಇಳಿಯುತ್ತಿದ್ದೆ. ಗಾಳಿಪೆಟ್ಟಿಗೆಗಳಲ್ಲಿ ಗುಳ್ಳೆ ಬರಲಿಲ್ಲ. ಹೊಸ ತಂತಿಯ ತುದಿಗಳನ್ನು ಹುಬ್ಬಳ್ಳಿಯಲ್ಲಿ ಮಾಡಿಸಬಹುದೇ? ಬೋಲ್ಟಿನಿಂದ ಬಿಗಿದು ತಂತಿಯ ಕುಣಿಕೆ ಹಿಡಿಸುವ ಯು-ಕ್ಲ್ಯಾಂಪ್ ಹಾಕಿದರೆ ನಡೆಯುತ್ತದೆಯೇ? ಮೊದಲ ಸಲ ಇಳಿಸುವುದಕ್ಕೆ ಸವದತ್ತಿಯ ರೇಣುಕಾಸಾಗರ ಆಗಬಹುದೇ?

ಉತ್ತರ (ಗದಗದಿಂದ)

ರೇಣುಕಾಸಾಗರದಲ್ಲಿ ದೋಣಿ ಇಳಿಸಲು ನವಿಲುತೀರ್ಥದ ಅಣೆಕಟ್ಟಿನ ಎಂಜಿನಿಯರರ ಕಚೇರಿಗೆ ಮೊದಲು ಅರ್ಜಿ ಕೊಟ್ಟು, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣ ಗಾಳಿ ಎಷ್ಟು ಬಲವೆಂಬುದನ್ನು ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಆ ಕಾಲ ಕಲಿಯುವವರಿಗಲ್ಲ. ದೀಪಾವಳಿಯ ನಂತರದ ಬೆಳಗುಗಳು ಒಳ್ಳೆಯವು. ಎಲೆಗಳೂ ಸಣ್ಣ ಟೊಂಗೆಗಳೂ ಬಿಡದೆ ಅಲ್ಲಾಡುತ್ತಿದ್ದರೆ ಗಾಳಿ ತಾಸಿಗೆ 12ರಿಂದ 19 ಕಿ.ಮೀ. ಇರುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಹಿಂದಿರುಗಿರಿ. ಇನ್ನೊಂದು ಮಾತು: ಕಂಬ ಎತ್ತುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ಎಂದು ನೋಡಬೇಕು, ದೋಣಿಯನ್ನು ನೀರಿನ ಕಡೆಗೆ ತಳ್ಳುವ ದಾರಿಯುದ್ದಕ್ಕೂ ನೋಡಬೇಕು. ಅಲ್ಯೂಮಿನಿಯಂ ಕಂಬ 11 ಕೆ.ವಿ. ತಂತಿಯ ಹತ್ತಿರ ಹೋದರೆ ಹಿಡಿದವರು ಉಳಿಯುವುದಿಲ್ಲ.

ಉತ್ತರ (ಕಾರವಾರದಿಂದ)

ಯು-ಕ್ಲ್ಯಾಂಪ್ ಬೇಡ ಸರ್, ಅದು ತಂತಿಯನ್ನು ಜಜ್ಜುತ್ತದೆ, ಕ್ರಮೇಣ ಜಾರುತ್ತದೆ. ಕ್ರೇನಿನ ಸ್ಲಿಂಗ್ ಮಾಡುವವರ ಬಳಿ ಒತ್ತುವ ಯಂತ್ರವಿರುತ್ತದೆ. ಆದರೆ ಅವರು ಸಾಮಾನ್ಯವಾಗಿ ಹಾಕುವುದು ಅಲ್ಯೂಮಿನಿಯಂ ಕೊಳವೆ. ಸ್ಟೇನ್‌ಲೆಸ್ ತಂತಿಗೆ ಅದು ಸಲ್ಲದು, ತಾಮ್ರದ್ದೇ ಬೇಕೆಂದು ಒತ್ತಿ ಹೇಳಿರಿ, ಕುಣಿಕೆಯೊಳಗೆ ಅದು ಸವೆಯದಂತೆ ಕಾಯುವ ಸ್ಟೇನ್‌ಲೆಸ್ ಥಿಂಬಲ್ (ತೋಡುಳ್ಳ ಬಳೆ) ಇರಲಿ. ತಂತಿ ಉಪ್ಪುನೀರನ್ನು ಚೆನ್ನಾಗಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ, ದಪ್ಪವನ್ನು ಹಳೆಯದರ ಮೇಲೆ ವರ್ನಿಯರ್ ಇಟ್ಟು ಅಳೆದು ಅಷ್ಟೇ ತರಿಸಿರಿ. ಹಳೆಯ ಶ್ರೌಡ್‌ಗಳನ್ನು ಎಸೆಯದೆ ಜೊತೆಗೇ ಒಯ್ಯಿರಿ. ಎರಡನ್ನೂ ಒಂದೇ ಮೊಳೆಗೆ ಸಿಕ್ಕಿಸಿ ಎಳೆದು ನೋಡಿ, ಉದ್ದ ಒಂದೇ ಇದೆಯೆಂದು ಖಚಿತವಾದ ಮೇಲೆ, ಕುಣಿಕೆಯಿಂದ ಕುಣಿಕೆಗೆ ಅದೇ ಉದ್ದಕ್ಕೆ ಹೊಸದನ್ನು ಮಾಡಿಸಿರಿ. ಮಗಳನ್ನು ಕೂರಿಸುವ ಮೊದಲು, ಎದೆಮಟ್ಟದ ನೀರಿನಲ್ಲಿ ಜೀವರಕ್ಷಕ ಜಾಕೆಟ್ ತೊಟ್ಟು, ಈಜು ಬಲ್ಲ ಒಬ್ಬ ಗೆಳೆಯರೊಂದಿಗೆ ದೋಣಿಯನ್ನು ಬೇಕೆಂದೇ ಮಗುಚಿ, ಸೆಂಟರ್‌ಬೋರ್ಡಿನ ಮೇಲೆ ನಿಂತು ಎತ್ತುವುದನ್ನು ನಾಲ್ಕಾರು ಸಲ ಮಾಡಿರಿ.