ಖಾಲಿ ಮಾಡಿಸಿದ ವಾರದೊಳಗೇ ಸೆಪ್ಟಿಕ್ ಟ್ಯಾಂಕ್ ಮತ್ತೆ ಕಟ್ಟಿಕೊಳ್ಳುತ್ತಿದೆ, ತೊಂದರೆ ಎಲ್ಲಿ?

ಪ್ರಶ್ನೆ

ಮನೆಯಲ್ಲಿ ಐದು ಜನ. ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್, ಸುಮಾರು 3,000 ಲೀಟರ್ ಹಿಡಿಯುತ್ತದೆ. ಅಲ್ಲಿಂದ ನೀರು ಒಂದೇ ಇಂಗುಗುಂಡಿಗೆ ಹೋಗುತ್ತದೆ. ಫ್ಲಶ್ ಮಾಡಿದರೆ ಕಮೋಡಿನಲ್ಲಿ ನೀರು ಮೇಲೇರಿ ನಿಧಾನಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದು. ಗಾಡಿ ಕರೆಸಿ ಖಾಲಿ ಮಾಡಿಸಿದರೆ ನಾಲ್ಕೈದು ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಗೋಳು. ಬ್ಯಾಕ್ಟೀರಿಯಾ ಪುಡಿ ಹಾಕಿದ್ದೂ ಆಯಿತು. ಟ್ಯಾಂಕ್ ಸಾಲುತ್ತಿಲ್ಲ, ದೊಡ್ಡದು ಕಟ್ಟಿಸಿ ಎನ್ನುತ್ತಿದ್ದಾರೆ. ನಿಜಕ್ಕೂ ಟ್ಯಾಂಕಿನದ್ದೇ ದೋಷವೇ?

ಉತ್ತರ 1

ಟ್ಯಾಂಕ್ ಒಡೆಸುವ ಯೋಚನೆ ಸದ್ಯಕ್ಕೆ ಬಿಡಿ. ಸೆಪ್ಟಿಕ್ ಟ್ಯಾಂಕ್ ಸದಾ ತುಂಬಿಯೇ ಇರಬೇಕು. ಒಳಗೆ ಎಷ್ಟು ನೀರು ಬಂತೋ ಅಷ್ಟೇ ತಿಳಿನೀರು ಆಚೆ ಹೋಗಬೇಕು. ತಲೆಗೆ 120 ಲೀಟರ್ ಎಂದುಕೊಂಡರೂ ಐದು ಜನರಿಗೆ ದಿನಕ್ಕೆ 600 ಲೀಟರ್, ಅಂದರೆ ಖಾಲಿ ಟ್ಯಾಂಕ್ ತುಂಬಲು ಐದು ದಿನ. ನಿಮಗೆ ಸಿಗುತ್ತಿರುವ ನೆಮ್ಮದಿಯೂ ಅಷ್ಟೇ ದಿನದ್ದು. ಖಾಲಿ ಟ್ಯಾಂಕ್ ಬರೀ ತೊಟ್ಟಿಯಂತೆ ನೀರು ಹಿಡಿದುಕೊಳ್ಳುತ್ತಿದೆ, ತುಂಬಿದ ಮೇಲೆ ಆಚೆ ಹೋಗಲು ದಾರಿಯಿಲ್ಲ.

ಖಚಿತ ಮಾಡಿಕೊಳ್ಳಲು, ಕಟ್ಟಿಕೊಂಡಿರುವಾಗಲೇ ಎರಡನೇ ಕೋಣೆಯ ಮುಚ್ಚಳ ತೆಗೆದು, ನೀರಿನ ಮಟ್ಟ ಹೊರಹೋಗುವ ಪೈಪಿನ ತಳಕ್ಕಿಂತ ಎಲ್ಲಿದೆ ನೋಡಿ. ಪೈಪಿನ ತಳಕ್ಕೆ ಸರಿಸಮವಾಗಿದ್ದರೆ ಟ್ಯಾಂಕಿನಿಂದ ಮುಂದೆ ಎಲ್ಲವೂ ಸರಿ. ಆಗ ಅಡ್ಡಿ ಇರುವುದು ಮನೆಯಿಂದ ಟ್ಯಾಂಕಿಗೆ ಬರುವ ಲೈನಿನಲ್ಲಿ, ಒಳಬರುವ ಟೀಯಲ್ಲಿ (ಪೈಪಿನ ತುದಿಗೆ ನೆಟ್ಟಗೆ ಕೂರಿಸುವ, T ಆಕಾರದ ಪೈಪಿನ ತುಂಡು) ಅಥವಾ ಎರಡು ಕೋಣೆಗಳ ನಡುವಿನ ಕಿಂಡಿಯಲ್ಲಿ. ಪೈಪು ಮುಳುಗುವಷ್ಟು ಮೇಲಿದ್ದರೆ ಅಡ್ಡಿ ಮುಂದಿದೆ: ಹೊರಹೋಗುವ ಟೀ, ನಡುವಿನ ಪೈಪು, ಇಲ್ಲವೇ ಇಂಗುಗುಂಡಿ. ತಳಕ್ಕಿಂತ ಕೆಳಗಿದ್ದರೆ ಟ್ಯಾಂಕ್ ಬಿರುಕುಬಿಟ್ಟು ಸೋರುತ್ತಿದೆ.

ಮುಚ್ಚಳ ತೆಗೆದ ಮೇಲೆ ಸ್ವಲ್ಪ ಹೊತ್ತು ದೂರ ನಿಲ್ಲಿ. ಬೆಂಕಿ, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ತಲೆ ಒಳಗೆ ಹಾಕಿ ಬಗ್ಗಬೇಡಿ, ಟಾರ್ಚ್ ಬಿಟ್ಟು ದೂರದಿಂದಲೇ ನೋಡಿ. ಖಾಲಿ ಮಾಡಿಸಿದ ಟ್ಯಾಂಕಿಗೂ ಯಾರನ್ನೂ ಇಳಿಸಬೇಡಿ. ತಳದ ಹೂಳು ಕದಡಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಎರಡು ಉಸಿರಿಗೆ ಮನುಷ್ಯ ಕುಸಿಯಬಹುದು. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ.

ಪ್ರಶ್ನೆ ಕೇಳಿದವರು

ನೋಡಿದೆ. ಹೊರಹೋಗುವ ಪೈಪು ಪೂರ್ತಿ ಮುಳುಗಿದೆ, ಅದರ ಮೇಲೆ ಇನ್ನೂ ಒಂದು ಗೇಣು ನೀರಿದೆ. ಇಂಗುಗುಂಡಿಯ ಚಪ್ಪಡಿ ಸರಿಸಿದರೆ ಅಲ್ಲೂ ನೀರು ಪೈಪಿನ ಬಾಯಿ ದಾಟಿ ನಿಂತಿದೆ, ಮೇಲೆ ಜಿಡ್ಡು ತೇಲುತ್ತಿದೆ. ಹೊರಹೋಗುವ ಕಡೆ ಕೆಳಮುಖದ ಪೈಪು ಇದ್ದಂತೆ ಕಾಣಲಿಲ್ಲ, ಕೋಲು ಆಡಿಸಿದರೂ ಏನೂ ತಾಗಲಿಲ್ಲ.

ಉತ್ತರ 2

ಹಾಗಾದರೆ ಮೂಲ ಸಿಕ್ಕಿತು. ಟೀಯ ಕೆಳಗಿನ ಕಾಲು ಮುರಿದು ಬಿದ್ದಿದೆ. ಆ ಕಾಲು ತೇಲುವ ಜಿಡ್ಡಿಗೂ ತಳದ ಹೂಳಿಗೂ ನಡುವಿನ ತಿಳಿನೀರನ್ನು ಮಾತ್ರ ಎಳೆದುಕೊಳ್ಳಲು ಇರುವುದು. ಅದಿಲ್ಲದೆ ಮೇಲಿನ ಜಿಡ್ಡು ನೇರ ಗುಂಡಿಗೆ ಹೋಗಿ ಮಣ್ಣಿನ ರಂಧ್ರಗಳನ್ನು ಮುಚ್ಚಿದೆ. ಗುಂಡಿಯ ಗೋಡೆಯಲ್ಲಿ ಕಪ್ಪು ಲೋಳೆ ಕಟ್ಟಿರುತ್ತದೆ, ನೀರು ಇಂಗುವುದಿಲ್ಲ. ಅದನ್ನು ಆಸಿಡ್ ಸುರಿದು ಕರಗಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ಪುಡಿಯಿಂದಲೂ ಆಗದು.

ಮುಂದಿನ ಸಲ ಗಾಡಿ ಬಂದಾಗ ಟ್ಯಾಂಕ್ ಖಾಲಿ ಮಾಡುವಾಗ ಹೊರಪೈಪಿನ ಬಾಯಿಯನ್ನೇ ಗಮನಿಸಿ. ಅಲ್ಲಿಂದ ನೀರು ಟ್ಯಾಂಕಿಗೆ ವಾಪಸ್ ಹರಿದು ಬಂದರೆ ನಡುವಿನ ಪೈಪು ತೆರೆದಿದೆ, ಗುಂಡಿಯೇ ಸತ್ತಿದೆ ಎಂದರ್ಥ. ಗುಂಡಿಯನ್ನೂ ಅದೇ ದಿನ ಖಾಲಿ ಮಾಡಿಸಿ.

ನಂತರ ಟೀ. 110 ಮಿ.ಮೀ. ಪೈಪಿಗೆ ರಬ್ಬರ್ ರಿಂಗ್ ಇರುವ, ಒತ್ತಿ ಕೂರಿಸುವ ಟೀ ತನ್ನಿ, ಒದ್ದೆ ಪೈಪಿಗೆ ಸಾಲ್ವೆಂಟ್ ಸಿಮೆಂಟ್ (ಪೈಪು ಅಂಟಿಸುವ ಗೋಂದು) ಹಿಡಿಯುವುದಿಲ್ಲ. ನೀರಿನ ಆಳ 1.2 ಮೀಟರ್ ಇದ್ದರೆ ಕೆಳಗಿನ ಕಾಲು ನೀರಿನ ಮಟ್ಟದಿಂದ ಸುಮಾರು 45 ಸೆಂ.ಮೀ. ಇಳಿದಿರಲಿ, ಮೇಲಿನ ಕಾಲು 15 ಸೆಂ.ಮೀ. ಮೇಲಕ್ಕಿರಲಿ. ಮೇಲಿನ ಬಾಯಿ ಮುಚ್ಚಬೇಡಿ, ಗಾಳಿಯಾಡಲೂ ರಾಡ್ ಹಾಕಲೂ ಅದೇ ದಾರಿ. ಮುಚ್ಚಳದಿಂದ ಕೈ ಎಟುಕದಿದ್ದರೆ ಇಳಿಯಬೇಡಿ, ಹೊರಪೈಪಿನ ನೇರ ಮೇಲೆ ಚಪ್ಪಡಿ ಕೊರೆಸಿ ಹೊಸ ಮುಚ್ಚಳ ಇಡಿಸಿ. ಮುಂದೆ ಹೂಳು ಅಳೆಯಲೂ ಅದು ಬೇಕು.

ಗುಂಡಿಯ ವಿಷಯಕ್ಕೆ ಬಂದರೆ, ಇದೊಂದೇ ಸಾಲದು. ಸಾಧಾರಣ ಗೋಡುಮಣ್ಣು ಚದರ ಮೀಟರಿಗೆ ದಿನಕ್ಕೆ ಸುಮಾರು 20 ಲೀಟರ್ ಟ್ಯಾಂಕ್ ನೀರು ಹೀರುತ್ತದೆ, ಜೇಡಿಮಣ್ಣು 10 ಅಥವಾ ಇನ್ನೂ ಕಡಿಮೆ. 600 ಲೀಟರಿಗೆ ಗೋಡುಮಣ್ಣಿನಲ್ಲಿ 30 ಚದರ ಮೀಟರ್ ಗೋಡೆ ಬೇಕು. ತಳ ಬೇಗ ಮುಚ್ಚಿಹೋಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 2 ಮೀಟರ್ ಅಗಲದ ದುಂಡು ಗುಂಡಿ, ಪೈಪಿನಿಂದ ಕೆಳಗೆ 2.5 ಮೀಟರ್ ಆಳ ಇದ್ದರೆ ಸಿಗುವುದು ಸುಮಾರು 15.7 ಚದರ ಮೀಟರ್. ಅಂಥವು ಎರಡು ಬೇಕು. ಅಂತರ್ಜಲ ಮೇಲಿದ್ದರೆ ಆಳದ ಗುಂಡಿ ತೆಗೆಯಬೇಡಿ, ಬದಲಿಗೆ ಉದ್ದದ ಕಾಲುವೆ ತೋಡಿಸಿ: ಪೈಪಿನ ಕೆಳಗೆ 60 ಸೆಂ.ಮೀ. ಜಲ್ಲಿ, ಎರಡೂ ಪಕ್ಕ ಸೇರಿ ಮೀಟರಿಗೆ 1.2 ಚದರ ಮೀಟರ್, ಒಟ್ಟು 25 ಮೀಟರ್ ಉದ್ದ. ಜಲ್ಲಿ 20ರಿಂದ 40 ಮಿ.ಮೀ., ಪುಡಿ ಇಲ್ಲದಂತೆ ತೊಳೆದದ್ದು. ಮಣ್ಣು ಮುಚ್ಚುವ ಮೊದಲು ಜಲ್ಲಿಯ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ.

ಹಳೇ ಗುಂಡಿಯನ್ನು ಮುಚ್ಚಿಬಿಡಬೇಡಿ. ಟ್ಯಾಂಕಿನಾಚೆ ಚಿಕ್ಕ ಛೇಂಬರ್ ಕಟ್ಟಿ, ಹಳೇ ಗುಂಡಿಯ ಪೈಪಿಗೆ ಮಾತ್ರ ಕ್ಯಾಪ್ ಹಾಕಿ. ನೀರಿಲ್ಲದೆ ಆರು ತಿಂಗಳು, ವರ್ಷ ಒಣಗಿದರೆ ಲೋಳೆ ತಾನೇ ಕೊಳೆತು ಮಣ್ಣು ಸ್ವಲ್ಪಮಟ್ಟಿಗೆ ಬಾಯಿಬಿಡುತ್ತದೆ.

ಉತ್ತರ 3

ಮೇಲಿನದೆಲ್ಲ ಸರಿ, ಆದರೆ ಗುದ್ದಲಿ ಹಿಡಿಯುವ ಮೊದಲು ಒಳಬರುವ ನೀರನ್ನು ನೋಡಿ. ಫ್ಲಶ್ ಟ್ಯಾಂಕಿಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ಬಣ್ಣ ಕಂಡರೆ ವಾಷರ್ ಸೋರುತ್ತಿದೆ. ನಿಮಿಷಕ್ಕೆ ಕಾಲು ಲೀಟರ್ ಸೋರಿದರೂ ದಿನಕ್ಕೆ 360 ಲೀಟರ್ ಆಯಿತು, ಸದ್ದೇ ಇಲ್ಲದೆ ಇನ್ನೂ ಮೂವರು ಮನೆಯಲ್ಲಿ ಇದ್ದಂತೆ. ಅದು ಇದ್ದರೆ ಉತ್ತರ 2ರ ಅಳತೆಯ ಎರಡು ಗುಂಡಿಯೂ ಸಾಲುವುದಿಲ್ಲ. ಮಳೆನೀರಿನ ಪೈಪನ್ನು ಯಾರಾದರೂ ಇದೇ ಲೈನಿಗೆ ಸೇರಿಸಿದ್ದರೆ ಬೇರೆ ಮಾಡಿ.

ಖಾಲಿ ಮಾಡಿಸಿದ ಟ್ಯಾಂಕನ್ನು ಹಾಗೇ ಬಿಡಬೇಡಿ, ಟೀ ಕೂರಿಸಿದ ಕೂಡಲೇ ನೀರು ತುಂಬಿಸಿ. ನೆಲದಡಿ ನೀರು ಮೇಲಿರುವ ಕಡೆ ಖಾಲಿ ಟ್ಯಾಂಕ್, ಅದರಲ್ಲೂ ಫೈಬರ್ ಅಥವಾ ಪ್ಲಾಸ್ಟಿಕ್ಕಿನದು, ಮೇಲಕ್ಕೆದ್ದು ಪೈಪುಗಳನ್ನು ಕಿತ್ತುಬಿಡುತ್ತದೆ.

ಮುಂದೆ ವರ್ಷಕ್ಕೊಮ್ಮೆ ಹೂಳು ಅಳೆಯಿರಿ. ಉದ್ದ ಕೋಲಿನ ಕೆಳಗಿನ ಒಂದು ಮೀಟರಿಗೆ ಹಳೇ ಬಿಳಿ ಟವೆಲ್ ಸುತ್ತಿ ಕಟ್ಟಿ, ಮೆಲ್ಲಗೆ ತಳ ಮುಟ್ಟಿಸಿ, ಕೆಲವು ನಿಮಿಷ ಬಿಟ್ಟು ನೇರವಾಗಿ ಎತ್ತಿ. ದಟ್ಟ ಕಪ್ಪು ಕಣಗಳು ಅಂಟಿದ ಎತ್ತರವೇ ಹೂಳಿನ ಎತ್ತರ. ಹೂಳೂ ತೇಲುವ ಜಿಡ್ಡೂ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ದಾಟಿದಾಗ ಮಾತ್ರ ಗಾಡಿ ಕರೆಸಿ. ಕೈ ತೊಳೆದುಕೊಳ್ಳುವ ಮೊದಲೇ ಆ ಟವೆಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ.