ಮೋಟಾರಿನ ಕೀರಲು ಸದ್ದಿಗೆ ಯಾದೃಚ್ಛಿಕ ಪಿಡಬ್ಲ್ಯೂಎಂ ತಕ್ಕ ಪರಿಹಾರವೇ?

ಪ್ರಶ್ನೆ:
ಮೂರು ಫೇಸಿನ ಇಂಡಕ್ಷನ್ ಮೋಟಾರನ್ನು 4 ಕಿಲೋಹರ್ಟ್ಸ್ ಕ್ಯಾರಿಯರ್ ಆವರ್ತನದ (ಸ್ವಿಚ್‌ಗಳು ಆನ್-ಆಫ್ ಆಗುವ ಗತಿ) ಇನ್ವರ್ಟರಿನಿಂದ ನಡೆಸುತ್ತಿದ್ದೇನೆ. ವೇಗ ಎಷ್ಟೇ ಇರಲಿ, ಕಿವಿ ಕೊರೆಯುವ ಸದ್ದು ಬಿಡುವುದಿಲ್ಲ. ಆವರ್ತನವನ್ನು 16 ಕಿಲೋಹರ್ಟ್ಸ್‌ಗೆ ಏರಿಸಿದರೆ ಸದ್ದು ಅಡಗುತ್ತದೆ, ಆದರೆ ಸ್ವಿಚಿಂಗ್ ನಷ್ಟ ಹೆಚ್ಚಿ ಹೀಟ್‌ಸಿಂಕ್ ಮಿತಿಮೀರಿ ಕಾಯುತ್ತದೆ. ಪಿಡಬ್ಲ್ಯೂಎಂ ಎಂದರೆ ಪಲ್ಸಿನ ಅಗಲ ಬದಲಿಸಿ ವೋಲ್ಟೇಜ್ ನಿಯಂತ್ರಿಸುವ ತಂತ್ರ; ಪಲ್ಸುಗಳ ಅವಧಿ ಅಥವಾ ಸ್ಥಾನವನ್ನು ಗೊತ್ತುಗುರಿಯಿಲ್ಲದೆ ಬದಲಿಸುವ ಯಾದೃಚ್ಛಿಕ ಪಿಡಬ್ಲ್ಯೂಎಂನ ಯಾವ ವಿಧಾನವನ್ನು ಆರಿಸಿಕೊಳ್ಳಬೇಕು?

ಉತ್ತರ 1:
ಕ್ಯಾರಿಯರ್ ಸ್ಥಿರವಾಗಿದ್ದಾಗ ಹಾರ್ಮೋನಿಕ್ ವೋಲ್ಟೇಜುಗಳು (ಔಟ್‌ಪುಟ್ ಆವರ್ತನದ ಜೊತೆಗೆ ಬರುವ ಬೇಡದ ಅಂಶಗಳು) ಅದರ ಆವರ್ತನದ ಮತ್ತು ಗುಣಕಗಳ ಅಕ್ಕಪಕ್ಕದಲ್ಲೇ ಗುಂಪುಗೂಡುತ್ತವೆ. ಔಟ್‌ಪುಟ್ 50 ಹರ್ಟ್ಸ್ ಇದ್ದರೆ ನಿಮ್ಮಲ್ಲಿ ಮುಖ್ಯವಾದವು 3900, 4100, 7950 ಮತ್ತು 8050 ಹರ್ಟ್ಸ್‌ನವು. ಇವುಗಳಿಂದ ಹುಟ್ಟುವ ಫ್ಲಕ್ಸ್ ಮೂಲ ಫ್ಲಕ್ಸಿನೊಡನೆ ಕೂಡಿ ಸ್ಟೇಟರನ್ನು (ಮೋಟಾರಿನ ತಿರುಗದ ಭಾಗ) ಕಂಪಿಸುವಂತೆ ಮಾಡುವ ತ್ರಿಜ್ಯೀಯ ಬಲವಾಗುತ್ತದೆ, ಮತ್ತು 4 ಕಿಲೋಹರ್ಟ್ಸ್ ಆಸುಪಾಸು ನಮ್ಮ ಕಿವಿ ಅತ್ಯಂತ ಚುರುಕಾಗಿರುವ ಪಟ್ಟಿಯಲ್ಲೇ ಬೀಳುತ್ತದೆ. ಯಾದೃಚ್ಛಿಕ ವಿಧಾನ ಈ ಶಕ್ತಿಯನ್ನು ಇಲ್ಲವಾಗಿಸುವುದಿಲ್ಲ, ವಿಶಾಲ ಪಟ್ಟಿಗೆ ಹರಡುತ್ತದೆ. ಶಿಳ್ಳೆಯ ಜಾಗದಲ್ಲಿ ಮಳೆ ಸುರಿದಂಥ ಸದ್ದು ಕೇಳುತ್ತದೆ. ಆದ್ದರಿಂದ ಒಟ್ಟು ಡೆಸಿಬೆಲ್ ಅಷ್ಟಾಗಿ ಇಳಿಯದಿದ್ದರೆ ನಿರಾಶರಾಗದೆ, ಸ್ಪೆಕ್ಟ್ರಮ್ಮಿನ ಶಿಖರಗಳು ಎಷ್ಟು ಕುಗ್ಗಿದವೆಂಬುದನ್ನು ನೋಡಿ.

ಉತ್ತರ 2:
ಕ್ಯಾರಿಯರ್ ಆವರ್ತನವನ್ನೇ, ಉದಾಹರಣೆಗೆ 3ರಿಂದ 5 ಕಿಲೋಹರ್ಟ್ಸ್ ನಡುವೆ, ಪ್ರತಿ ಆವರ್ತದಲ್ಲೂ ಬದಲಿಸುವ ವಿಧಾನವನ್ನು ನಾನು ಸೂಚಿಸುತ್ತೇನೆ. ಪಲ್ಸಿನ ಸ್ಥಾನವನ್ನು ಮಾತ್ರ ಸರಿಸುವ ವಿಧಾನದಲ್ಲಿ ಆವರ್ತನ ಸ್ಥಿರವಾಗಿರುತ್ತದೆ ನಿಜ; ಆದರೆ ಮಾಡ್ಯುಲೇಷನ್ ಪ್ರಮಾಣ (ಔಟ್‌ಪುಟ್ ವೋಲ್ಟೇಜಿನ ಮಟ್ಟ) ಹೆಚ್ಚಿದಂತೆ ಪಲ್ಸ್ ಅಗಲವಾಗಿ ಸರಿಸಲು ಜಾಗವೇ ಉಳಿಯುವುದಿಲ್ಲ, ಜೊತೆಗೆ ಕ್ಯಾರಿಯರಿನ ತುದಿಯಲ್ಲಿ ಕರೆಂಟನ್ನು ಅಳೆದರೆ ಸರಾಸರಿಯೇ ಸಿಗುತ್ತದೆಂಬ ಅನುಕೂಲವೂ ತಪ್ಪುತ್ತದೆ.

ಹೊಸ ಅವಧಿಯನ್ನು ಟೈಮರಿಗೆ ಆವರ್ತದ ಗಡಿಯಲ್ಲೇ ತುಂಬಬೇಕು. ಯಾದೃಚ್ಛಿಕ ಸಂಖ್ಯೆಗೆ 8 ಬಿಟ್ಟಿನ ಶಿಫ್ಟ್ ರಿಜಿಸ್ಟರ್ (ಯಾದೃಚ್ಛಿಕದಂತೆ ಕಾಣುವ ಸಂಖ್ಯಾಸರಣಿ ಹುಟ್ಟಿಸುವ ಏರ್ಪಾಡು) ಬಳಸಬೇಡಿ: ಅದರ ಸರಣಿ 255 ಹೆಜ್ಜೆಗಳಿಗೇ ಮರುಕಳಿಸುವುದರಿಂದ ಸೆಕೆಂಡಿಗೆ ಸುಮಾರು 16 ಬಾರಿ ಅದೇ ವಿನ್ಯಾಸ ಬಂದು ಸದ್ದು ಮಿಡಿದಂತಾಗುತ್ತದೆ. 16 ಬಿಟ್ಟಿನದಾದರೆ ಅದೇ ಸರಣಿ ಮರಳಲು 16 ಸೆಕೆಂಡು ಹಿಡಿಯುತ್ತದೆ. ಸ್ಟೇಟರಿನ ಅನುರಣನ ಆವರ್ತನ ನೀವು ಆರಿಸಿದ ಪಟ್ಟಿಯೊಳಗೆ ಬಂದರೆ ಹರಡಿದ ಶಕ್ತಿಯೂ ಅದನ್ನು ಕೆರಳಿಸುತ್ತದೆ, ಹಾಗಾಗಿ ಮೊದಲು ಅದನ್ನು ಅಳೆಯಿರಿ.

ಪ್ರಶ್ನೆ ಕೇಳಿದವರು:
ವಿವರಗಳಿಗೆ ಧನ್ಯವಾದಗಳು. ಅವಧಿ ಬದಲಾಗುತ್ತಿದ್ದರೆ ಕರೆಂಟಿನ ದೋಷವನ್ನು ತಿದ್ದುವ ನನ್ನ ಪಿಐ (ಪ್ರಪೋರ್ಷನಲ್-ಇಂಟಿಗ್ರಲ್) ನಿಯಂತ್ರಕದ ಗತಿಯೇನು?

ಉತ್ತರ 2:
ಇಂಟಿಗ್ರಲ್ ಭಾಗವನ್ನು ಆಯಾ ಆವರ್ತದ ನಿಜವಾದ ಅವಧಿಯಿಂದ ಗುಣಿಸಿದರೆ ಸಾಕಾಗುತ್ತದೆ. ಸ್ಯಾಂಪ್ಲಿಂಗ್ ಸ್ಥಿರವಾಗಿಯೇ ಇರಬೇಕಾದರೆ, ಸ್ವಿಚಿಂಗ್ ಆವರ್ತದ ಆರಂಭವನ್ನು ಮಾತ್ರ ಯಾದೃಚ್ಛಿಕವಾಗಿ ತಡಮಾಡುವ ವಿಧಾನವಿದೆ. ಅದರಲ್ಲಿ ಸೇರುವ ವಿಳಂಬಕ್ಕಾಗಿ ಕರೆಂಟ್ ಲೂಪಿನ ಬ್ಯಾಂಡ್‌ವಿಡ್ತನ್ನು (ಅದು ಪ್ರತಿಕ್ರಿಯಿಸುವ ವೇಗ) ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.